ಮಲದಲ್ಲಿ ರಕ್ತ: ಒಳಗೆ ನೋಡದೆ ‘ಪೈಲ್ಸ್’ ಎಂದು ಹೆಸರಿಡುವುದು ಏಕೆ ತಪ್ಪು?

ದೊಡ್ಡ ಕರುಳಿನ ಕ್ಯಾನ್ಸರ್ ಕುರಿತು ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. 2020ರಲ್ಲಿ ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್ 43ನೇ ವಯಸ್ಸಿಗೇ ಈ ಕಾಯಿಲೆಯಿಂದ ತೀರಿಕೊಂಡರು. 2021ರಲ್ಲಿ ಅಮೆರಿಕದ ತಜ್ಞರ ಸಮಿತಿ ಈ ಕ್ಯಾನ್ಸರಿನ ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಮರುವರ್ಷವೇ ಯುರೋಪಿನ ದೊಡ್ಡ ಅಧ್ಯಯನವೊಂದು ‘ಕೊಲೊನೋಸ್ಕೋಪಿಯಿಂದ ಅಂದುಕೊಂಡಷ್ಟು ಲಾಭವಿಲ್ಲ’ ಎಂಬ ತಲೆಬರಹಗಳಿಗೆ ಕಾರಣವಾಯಿತು. (ಕೊಲೊನೋಸ್ಕೋಪಿ ಎಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ.) 2025ರ ಏಪ್ರಿಲ್‌ನಲ್ಲಿ ಕಿರಿಯರ ಕರುಳಿನ ಕ್ಯಾನ್ಸರಿಗೆ ಬ್ಯಾಕ್ಟೀರಿಯಾದ ವಿಷವೊಂದು ಕಾರಣವಿರಬಹುದು ಎಂಬ ಸುದ್ದಿ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಶೌಚಾಲಯದಲ್ಲಿ ಮೊಬೈಲ್ ಹಿಡಿದು ಕೂರುವವರಲ್ಲಿ ಪೈಲ್ಸ್ ಹೆಚ್ಚು ಎಂಬ ಸುದ್ದಿ ಎಲ್ಲೆಡೆ ಹರಿದಾಡಿತು.

ಇವನ್ನೆಲ್ಲ ಓದಿಕೊಂಡ 32 ವರ್ಷದವರೊಬ್ಬರಿಗೆ ಒಂದು ಬೆಳಗ್ಗೆ ಕಮೋಡಿನ ನೀರು ಕೆಂಪಾಗಿ ಕಂಡರೆ ಎರಡು ಉತ್ತರ ಥಟ್ಟನೆ ಹೊಳೆಯುತ್ತವೆ. ‘ಮೊಬೈಲ್ ಹಿಡಿದು ಕೂತದ್ದಕ್ಕೆ ಪೈಲ್ಸ್ ಆಗಿದೆ’ ಎನ್ನುವುದು ಒಂದು, ‘ನನಗೂ ಕ್ಯಾನ್ಸರ್ ಬಂತು’ ಎನ್ನುವುದು ಇನ್ನೊಂದು. ಎರಡೂ ಊಹೆಗಳೇ. ಮೊದಲನೆಯದು ಬಹುಪಾಲು ಸಲ ನಿಜವೇ ಆಗುತ್ತದೆ. ಅದರ ಅಪಾಯವಿರುವುದೂ ಅಲ್ಲಿಯೇ. ನಿಜವಾಗದ ಆ ಕೆಲವು ಸಲಗಳಲ್ಲಿ ಯಾರಿಗೂ ಅನುಮಾನವೇ ಬರುವುದಿಲ್ಲ.

45 ಎಂಬ ವಯಸ್ಸು ಯಾರಿಗೆ?

ಗೊಂದಲದ ಮೂಲ ಇಲ್ಲಿದೆ. ಅಮೆರಿಕ ಇಳಿಸಿದ್ದು ‘ಸ್ಕ್ರೀನಿಂಗ್’ ವಯಸ್ಸನ್ನು. ಸ್ಕ್ರೀನಿಂಗ್ ಎಂದರೆ ಯಾವ ತೊಂದರೆಯೂ ಇಲ್ಲದವರನ್ನು, ಮುಂದೆ ಕಾಯಿಲೆ ಬರದಿರಲಿ ಎಂದು ಪರೀಕ್ಷಿಸುವುದು. ಮಲದಲ್ಲಿ ರಕ್ತ ಕಂಡವರು ‘ತೊಂದರೆ ಇಲ್ಲದವರು’ ಅಲ್ಲ. ರಕ್ತ ಕಂಡಲ್ಲಿಗೆ 45 ಎಂಬ ಗಡಿ ಅವರ ಪಾಲಿಗೆ ಮುಗಿಯಿತು. ‘ನನಗಿನ್ನೂ 38, ಪರೀಕ್ಷೆಯ ವಯಸ್ಸಾಗಿಲ್ಲ’ ಎಂದು ಸುಮ್ಮನಿರುವುದು ಆ ಮಾರ್ಗಸೂಚಿಯನ್ನು ತಲೆಕೆಳಗಾಗಿ ಓದಿದಂತೆ.

ಯುರೋಪಿನ ಅಧ್ಯಯನ ಕೇಳಿದ್ದೂ ಸ್ಕ್ರೀನಿಂಗ್ ಕುರಿತ ಪ್ರಶ್ನೆಯನ್ನೇ. ನಾರ್ವೆ, ಪೋಲೆಂಡ್, ಸ್ವೀಡನ್‌ಗಳ ಸುಮಾರು 85,000 ಮಂದಿಯಲ್ಲಿ ಮೂರನೇ ಒಂದು ಭಾಗದವರಿಗೆ ಕೊಲೊನೋಸ್ಕೋಪಿಗೆ ಬನ್ನಿ ಎಂದು ಕರೆ ಹೋಯಿತು. ಬಂದವರು ಶೇ 42 ಮಾತ್ರ. ಹತ್ತು ವರ್ಷಗಳ ನಂತರ ಲೆಕ್ಕ ಹಾಕಿದಾಗ, ಕರೆ ಹೋದವರ ಇಡೀ ಗುಂಪಿನಲ್ಲಿ ಕ್ಯಾನ್ಸರ್ ಶೇ 18ರಷ್ಟು ಕಡಿಮೆ ಇತ್ತು, ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕರೆದರೂ ಬಾರದವರನ್ನು ಸೇರಿಸಿ ಮಾಡಿದ ಲೆಕ್ಕ ಇದು. ‘ಕರೆ ಕಳಿಸುವ ಸರ್ಕಾರಿ ಯೋಜನೆ ಎಷ್ಟು ಫಲ ಕೊಡುತ್ತದೆ’ ಎಂಬ ಪ್ರಶ್ನೆಗೆ ಅದು ಒಳ್ಳೆಯ ಉತ್ತರ. ರಕ್ತ ಹೋಗುತ್ತಿರುವವರು ಕೊಲೊನೋಸ್ಕೋಪಿ ಮಾಡಿಸಬೇಕೇ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಹಾಗಾದರೆ ಭಾರತವೂ 45ಕ್ಕೆ ಎಲ್ಲರನ್ನೂ ಪರೀಕ್ಷಿಸಬೇಕೇ? ನಮ್ಮಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಐದು ಮಂದಿಗೆ ಈ ಕ್ಯಾನ್ಸರ್ ಬರುತ್ತದೆ. ಅಮೆರಿಕದ ದರ ಇದರ ಐದು ಪಟ್ಟಿನ ಆಸುಪಾಸಿನಲ್ಲಿದೆ. ಇಷ್ಟು ವಿರಳವಾಗಿರುವಾಗ, ಅದೂ ಎಂಡೋಸ್ಕೋಪಿ ತಜ್ಞರು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇರುವಾಗ, ಆರೋಗ್ಯವಂತರನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿದರೆ ರಕ್ತ ಹೋಗುತ್ತಿರುವವರ ಸರದಿ ಹಿಂದೆ ಬೀಳುತ್ತದೆ. ಕೇಂದ್ರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳ ತಪಾಸಣೆಗೆ ಸೀಮಿತವಾಗಿರುವುದು ಅರ್ಥವಾಗುವ ಮಾತೇ. ಆದರೆ ಅದರಿಂದ ಇನ್ನೊಂದು ಹೊಣೆ ಹುಟ್ಟುತ್ತದೆ. ಲಕ್ಷಣವಿಲ್ಲದವರನ್ನು ಹುಡುಕದ ದೇಶದಲ್ಲಿ ಲಕ್ಷಣವಿರುವವರನ್ನು ಮಾತ್ರ ಕೈಬಿಡುವಂತಿಲ್ಲ.

ಬಣ್ಣ ಹೇಳುವುದೆಷ್ಟು, ಹೇಳದಿರುವುದೆಷ್ಟು

ರಕ್ತ ಕರುಳಿನಲ್ಲಿ ಹೆಚ್ಚು ದೂರ, ಹೆಚ್ಚು ಹೊತ್ತು ಸಾಗಿದಷ್ಟೂ ಜೀರ್ಣಗೊಂಡು ಕಪ್ಪಾಗುತ್ತದೆ. ಜಠರದ ಹುಣ್ಣಿನಿಂದ 50ರಿಂದ 100 ಮಿಲಿಲೀಟರ್ ರಕ್ತ ಸೋರಿದರೂ ಸಾಕು, ಮಲ ಡಾಂಬರಿನಂತಾಗುತ್ತದೆ: ಕಪ್ಪು, ಹೊಳಪು, ಅಂಟು, ಸಹಿಸಲಾಗದ ನಾತ, ಎರಡು ಮೂರು ಸಲ ನೀರು ಹಾಕಿದರೂ ಹೋಗದು. ಮಂಡಿನೋವಿಗೆ, ಬೆನ್ನುನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರಲ್ಲಿ ಇದು ಹೆಚ್ಚು. ದೊಡ್ಡ ಕರುಳಿನ ಬಲಭಾಗದಿಂದ ಬಂದ ರಕ್ತ ಮರೂನ್ ಬಣ್ಣ ತಳೆಯುತ್ತದೆ, ಕೊನೆಯ ಭಾಗದ್ದು ಅಚ್ಚ ಕೆಂಪು.

ಈ ನಿಯಮಕ್ಕೆ ಒಂದು ಮುಖ್ಯ ಅಪವಾದವಿದೆ. ಜಠರದಿಂದಲೇ ಒಮ್ಮೆಲೇ ಲೀಟರ್‌ಗಟ್ಟಲೆ ರಕ್ತ ಸುರಿದರೆ ಕಪ್ಪಾಗಲು ವೇಳೆಯೇ ಸಿಗದೆ ಕೆಂಪಾಗಿಯೇ ಹೊರಬರುತ್ತದೆ. ಕೆಂಪು ರಕ್ತದ ಜೊತೆಗೆ ತಲೆಸುತ್ತು, ಬೆವರು ಇದ್ದರೆ ಅದನ್ನು ಪೈಲ್ಸ್ ಎಂದು ಭಾವಿಸುವುದು ಪ್ರಾಣಕ್ಕೇ ಕುತ್ತು.

ರಕ್ತವಲ್ಲದ್ದೂ ರಕ್ತದಂತೆ ಕಾಣುತ್ತದೆ. ಬೀಟ್‌ರೂಟ್ ಪಲ್ಯ ತಿಂದ ಮರುದಿನ, ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣು ತಿಂದಾಗ ಮಲ ಕೆಂಪಾಗಬಹುದು. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ಗರ್ಭಿಣಿಯರ ಮಲ ಕಪ್ಪಾಗುವುದು ಸಹಜ. ಆದರೆ ಕಬ್ಬಿಣದ ಕಪ್ಪು ಹಸಿರು ಛಾಯೆಯದು, ಮಲ ಗಟ್ಟಿಯಾಗಿಯೇ ಇರುತ್ತದೆ, ಡಾಂಬರಿನ ಅಂಟಾಗಲೀ ನಾತವಾಗಲೀ ಇರುವುದಿಲ್ಲ. ಕಾರಣವಾದ ಆಹಾರವನ್ನು ಬಿಟ್ಟ ಎರಡು ಮೂರು ದಿನಗಳಲ್ಲಿ ಬಣ್ಣ ಮರಳದಿದ್ದರೆ ಅದನ್ನು ರಕ್ತವೆಂದೇ ಎಣಿಸಬೇಕು.

ಬಣ್ಣಕ್ಕಿಂತ ಹೆಚ್ಚು ಸುಳಿವು ಕೊಡುವುದು ರಕ್ತ ಎಲ್ಲಿ ಅಂಟಿದೆ ಎಂಬುದು. ಮಲ ಪೂರ್ತಿ ಬಂದ ಮೇಲೆ ತೊಟ್ಟಿಕ್ಕಿದರೆ ಅಥವಾ ಚಿಮ್ಮಿದರೆ ಗುದದ್ವಾರದ ಬಳಿಯದ್ದು. ಮಲದ ಮೇಲೆ ಗೆರೆ ಎಳೆದಂತಿದ್ದರೆ ಬಿರುಕಿರಬಹುದು. ಮಲದೊಳಗೆ ಬೆರೆತಿದ್ದರೆ, ಲೋಳೆಯೊಂದಿಗೆ ಬಂದರೆ ಇನ್ನೂ ಮೇಲಿನ ಕರುಳಿನದು. ಇಲ್ಲೂ ಒಂದು ಎಚ್ಚರಿಕೆ ಬೇಕು. ಗುದನಾಳದ ಕೆಳಭಾಗದಲ್ಲಿ ಬೆಳೆದ ಗಂಟೂ ಪೈಲ್ಸ್‌ನಂತೆಯೇ ಅಚ್ಚ ಕೆಂಪು ರಕ್ತವನ್ನು, ನೋವೇ ಇಲ್ಲದೆ, ತೊಟ್ಟಿಕ್ಕಿಸಬಲ್ಲದು. ಹೊರಗೆ ಕಾಣುವ ರಕ್ತದಿಂದ ಇವೆರಡನ್ನು ಬೇರ್ಪಡಿಸುವ ಉಪಾಯ ಯಾರಿಗೂ ಗೊತ್ತಿಲ್ಲ, ವೈದ್ಯರಿಗೂ ಸಹ.

ಪೈಲ್ಸ್ ಮತ್ತು ಫಿಶರ್

ಪೈಲ್ಸ್ ಅಥವಾ ಮೂಲವ್ಯಾಧಿ ಎಂದರೆ ಎಲ್ಲಿಂದಲೋ ಬಂದ ಹೊಸ ಗಂಟಲ್ಲ. ಗುದದ್ವಾರದ ಒಳಗೆ ರಕ್ತನಾಳಗಳ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಗುದದ್ವಾರ ಬಿಗಿಯಾಗಿ ಮುಚ್ಚಿಕೊಳ್ಳಲು ಅವು ಬೇಕು. ದಿನವೂ ತಿಣುಕುವುದು, ಬಹಳ ಹೊತ್ತು ಕೂರುವುದು, ಗರ್ಭಧಾರಣೆ ಇವುಗಳಿಂದ ಮೆತ್ತೆಗಳನ್ನು ಹಿಡಿದಿಟ್ಟ ಅಂಗಾಂಶ ಸಡಿಲಗೊಂಡು ಅವು ಕೆಳಗೆ ಜಾರುತ್ತವೆ, ಗಟ್ಟಿ ಮಲ ಉಜ್ಜಿದಾಗ ರಕ್ತ ಬರುತ್ತದೆ. ಒಳಗಿನ ಪೈಲ್ಸ್‌ನಲ್ಲಿ ನೋವಿರುವುದಿಲ್ಲ, ಏಕೆಂದರೆ ಆ ಭಾಗದ ಪೊರೆಗೆ ಚರ್ಮದಂತೆ ನೋವು ತಿಳಿಯುವ ನರಗಳಿಲ್ಲ. ಹೊರಬಾರದೆ ಬರೀ ರಕ್ತ ಬಂದರೆ ಒಂದನೇ ಹಂತ, ಹೊರಬಂದು ತಾನೇ ಒಳಹೋದರೆ ಎರಡನೆಯದು, ಬೆರಳಿನಿಂದ ತಳ್ಳಬೇಕಾದರೆ ಮೂರನೆಯದು, ತಳ್ಳಿದರೂ ಹೋಗದಿದ್ದರೆ ನಾಲ್ಕನೆಯದು.

ಫಿಶರ್ ಎಂಬುದು ಗುದದ್ವಾರದ ಚರ್ಮದ ಬಿರುಕು. ಗಾಜಿನ ಚೂರು ಹಾದುಹೋದಂಥ ನೋವು, ಆಮೇಲೆ ಗಂಟೆಗಟ್ಟಲೆ ಉರಿ, ರಕ್ತ ಮಾತ್ರ ಸ್ವಲ್ಪವೇ. ನೋವಿಗೆ ಒಳಗಿನ ಸ್ನಾಯು ಬಿಗಿದುಕೊಳ್ಳುತ್ತದೆ, ಬಿಗಿದಾಗ ಬಿರುಕಿಗೆ ರಕ್ತಸಂಚಾರ ತಗ್ಗುತ್ತದೆ, ಹಾಗಾಗಿ ಗಾಯ ಮಾಯುವುದಿಲ್ಲ. ನೋವಿಗೆ ಹೆದರಿ ಮಲ ತಡೆದರೆ ಅದು ಇನ್ನಷ್ಟು ಗಟ್ಟಿಯಾಗಿ ಮತ್ತೆ ಸೀಳುತ್ತದೆ. ಈ ಸುತ್ತನ್ನು ಮುರಿಯಲೆಂದೇ ವೈದ್ಯರು ಸ್ನಾಯು ಸಡಿಲಿಸುವ ಡಿಲ್ಟಿಯಾಜೆಮ್ ಮುಲಾಮನ್ನು ಆರರಿಂದ ಎಂಟು ವಾರ ಹಚ್ಚಲು ಹೇಳುವುದು. ನಾಲ್ಕೇ ದಿನದಲ್ಲಿ ನೋವು ಇಳಿಯಿತೆಂದು ನಿಲ್ಲಿಸಿದವರಿಗೆ ಅದು ಮರುಕಳಿಸುತ್ತದೆ. ಬಿರುಕು ಸಾಮಾನ್ಯವಾಗಿ ಹಿಂಬದಿಯ ನಟ್ಟನಡುವೆ ಇರುತ್ತದೆ. ಪಕ್ಕದಲ್ಲಿದ್ದರೆ ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ), ಕ್ಷಯ, ಎಚ್‌ಐವಿ ಮುಂತಾದವನ್ನು ಹುಡುಕಬೇಕು.

ಮೊಬೈಲ್ ಸುದ್ದಿಯ ಅಸಲಿಯತ್ತೂ ಇಲ್ಲೇ ಇದೆ. ಬಾಸ್ಟನ್‌ನ ಆಸ್ಪತ್ರೆಯೊಂದಕ್ಕೆ ಸ್ಕ್ರೀನಿಂಗ್‌ಗೆ ಬಂದ 125 ಮಂದಿಯನ್ನು ಕೇಳಿ, ಒಳಗೆ ನೋಡಿ ಮಾಡಿದ ಅಧ್ಯಯನವದು. ಶೌಚಾಲಯದಲ್ಲಿ ಮೊಬೈಲ್ ಬಳಸುವವರಲ್ಲಿ ಪೈಲ್ಸ್ ಸಾಧ್ಯತೆ ಶೇ 46ರಷ್ಟು ಹೆಚ್ಚಿತ್ತು, ಐದು ನಿಮಿಷಕ್ಕಿಂತ ಹೆಚ್ಚು ಕೂರುವವರೂ ಅವರಲ್ಲೇ ಜಾಸ್ತಿ. ಒಂದೇ ಸಲ ಕೇಳಿ ಮಾಡಿದ ಸಣ್ಣ ಅಧ್ಯಯನವಾದ್ದರಿಂದ ಮೊಬೈಲೇ ಕಾರಣವೆಂದು ಸಾಬೀತಾಗುವುದಿಲ್ಲ. ಆದರೂ ಬೇಗ ಎದ್ದು ಬರುವುದರಲ್ಲಿ ನಷ್ಟವೇನಿಲ್ಲ.

‘ಉಷ್ಣ’ ಎಂಬ ವಿವರಣೆ ಎಲ್ಲಿ ದಾರಿ ತಪ್ಪಿಸುತ್ತದೆ

ನಮ್ಮಲ್ಲಿ ರಕ್ತ ಕಂಡಾಗ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಖಾರ ಬಿಟ್ಟು, ಮಜ್ಜಿಗೆ ಎಳನೀರು ಕುಡಿದು, ಬಾಳೆಹಣ್ಣು ತಿಂದರೆ ಬಹಳ ಮಂದಿಗೆ ವಾರದಲ್ಲಿ ರಕ್ತ ನಿಲ್ಲುತ್ತದೆ. ನೀರಿನ ಅಂಶ ಹೆಚ್ಚಿ ಮಲ ಮೆತ್ತಗಾಗಿದ್ದರಿಂದ ಉಜ್ಜುವಿಕೆ ಕಡಿಮೆಯಾಯಿತು ಅಷ್ಟೆ. ತೊಡಕೇನೆಂದರೆ ಗುದನಾಳದ ಗಂಟಿನ ರಕ್ತವೂ ದಿನವೂ ಒಂದೇ ಸಮ ಬರುವುದಿಲ್ಲ. ಹತ್ತು ದಿನ ಬಂದು ಒಂದು ತಿಂಗಳು ನಿಂತು ಮತ್ತೆ ಬರುತ್ತದೆ. ನಡುವೆ ಏನನ್ನು ಕುಡಿದಿದ್ದರೋ ಅದಕ್ಕೆ ಗುಣದ ಹೆಸರು ಸಲ್ಲುತ್ತದೆ. ರಕ್ತ ನಿಂತದ್ದು ಕಾರಣ ಹೋಗಿದೆ ಎಂಬುದಕ್ಕೆ ಪುರಾವೆಯಲ್ಲ.

ಬಸ್ ನಿಲ್ದಾಣದ ಗೋಡೆಗಳ ಮೇಲಿನ ‘ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲದೆ ಗ್ಯಾರಂಟಿ’ ಫಲಕಗಳು ಬದುಕಿರುವುದು ಇದೇ ಏರಿಳಿತದ ಮೇಲೆ. ಆಯುರ್ವೇದದ ಕ್ಷಾರಸೂತ್ರ, ಅಂದರೆ ಔಷಧ ಸವರಿದ ದಾರ, ಭಗಂದರಕ್ಕೆ (ಗುದದ್ವಾರದ ಬಳಿ ಕೀವು ಸೋರುವ ನಾಳ) ಪ್ರಯೋಗಗಳಲ್ಲಿ ಪರೀಕ್ಷೆಗೊಳಗಾದ ಚಿಕಿತ್ಸೆ, ಪದವಿ ಪಡೆದ ವೈದ್ಯರು ಮಾಡುತ್ತಾರೆ. ಅದರ ಕುರಿತು ತಕರಾರಿಲ್ಲ. ತಕರಾರಿರುವುದು ಬೆರಳನ್ನೂ ಹಾಕದೆ, ಒಳಗೆ ನೋಡದೆ, ಬಟ್ಟೆಯ ಮೇಲಿಂದಲೇ ಹೆಸರಿಟ್ಟು ಔಷಧ ಕೊಡುವವರ ಬಗ್ಗೆ. ಅವರು ಯಾವ ಪದ್ಧತಿಯವರಾದರೂ ಸರಿ, ಅಲೋಪಥಿಯವರಾದರೂ ಸರಿ.

ಇನ್ನೊಂದು ಮಾತು ತೀರಾ ಮುಖ್ಯ. ಪೈಲ್ಸ್ ಇದೆ ಎಂದು ನೋಡಿಯೇ ಹೇಳಿದರೂ ಮೇಲೆ ಬೇರೇನೂ ಇಲ್ಲ ಎಂದಾಗುವುದಿಲ್ಲ. ಪೈಲ್ಸ್ ಅಷ್ಟು ಸಾಮಾನ್ಯ, ಎರಡೂ ಒಬ್ಬರಲ್ಲೇ ಇರಬಹುದು. ಇಪ್ಪತ್ತು ವರ್ಷಗಳ ಪೈಲ್ಸ್ ಇರುವವರ ರಕ್ತದ ರೀತಿ ಬದಲಾದರೆ ಅದನ್ನು ಹೊಸ ಲಕ್ಷಣವೆಂದೇ ಪರಿಗಣಿಸಬೇಕು.

ಕಿರಿಯರಲ್ಲಿ ಕ್ಯಾನ್ಸರ್: ಗೊತ್ತಿರುವುದು

ಶ್ರೀಮಂತ ದೇಶಗಳಲ್ಲಿ 50 ದಾಟದವರ ಕರುಳಿನ ಕ್ಯಾನ್ಸರ್ ಏರುತ್ತಿರುವುದು ಖಚಿತ. ಕಾರಣ ಖಚಿತವಾಗಿಲ್ಲ. 2025ರಲ್ಲಿ ಪ್ರಕಟವಾದ ಅಧ್ಯಯನ 11 ದೇಶಗಳ 981 ಕರುಳಿನ ಗಂಟುಗಳ ಡಿಎನ್‌ಎ ಓದಿತು. ಇ. ಕೋಲಿ ಬ್ಯಾಕ್ಟೀರಿಯಾದ ಕೆಲವು ತಳಿಗಳು ಉಂಟುಮಾಡುವ ‘ಕೋಲಿಬ್ಯಾಕ್ಟಿನ್’ ವಿಷದ ಗುರುತು, 70 ದಾಟಿದವರಿಗಿಂತ 40ರೊಳಗಿನವರ ಗಂಟುಗಳಲ್ಲಿ 3.3 ಪಟ್ಟು ಹೆಚ್ಚು ಸಿಕ್ಕಿತು. ಆ ಗಾಯ ಬಾಲ್ಯದಲ್ಲೇ ಆಗಿರಬಹುದೆಂಬುದು ಸಂಶೋಧಕರ ತರ್ಕ. ಆ 11 ದೇಶಗಳಲ್ಲಿ ಭಾರತ ಇರಲಿಲ್ಲ, ಮತ್ತು ಆ ವಿಷಕ್ಕೆ ಇಂದು ಮಾಡಿಸಬಹುದಾದ ಪರೀಕ್ಷೆಯೂ ಇಲ್ಲ. ಓದುಗರ ನಾಳೆಯ ನಿರ್ಧಾರವನ್ನು ಅದು ಬದಲಿಸುವುದಿಲ್ಲ.

ನಿರ್ಧಾರ ಬದಲಿಸಬೇಕಾದದ್ದು ಬೇರೆ ಎರಡು ಅಧ್ಯಯನ. 2023ರಲ್ಲಿ ಅಮೆರಿಕದ ಸಂಶೋಧಕರು ಕಿರಿಯ ರೋಗಿಗಳ ದಾಖಲೆಗಳನ್ನು ಹಿಂದಕ್ಕೆ ತಿರುಗಿಸಿ ನೋಡಿದಾಗ, ರೋಗ ಪತ್ತೆಯಾಗುವ ಮೂರು ತಿಂಗಳಿಂದ ಎರಡು ವರ್ಷ ಮೊದಲೇ ನಾಲ್ಕು ಲಕ್ಷಣಗಳು ಕಂಡವು: ಗುದದ್ವಾರದ ರಕ್ತ, ಹೊಟ್ಟೆನೋವು, ಭೇದಿ, ಕಬ್ಬಿಣದ ಕೊರತೆಯ ರಕ್ತಹೀನತೆ. ಒಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು, ಎರಡಿದ್ದರೆ ಮೂರೂವರೆ, ಮೂರಿದ್ದರೆ ಆರೂವರೆ. 2024ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆ, ಕಿರಿಯ ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಮಲದಲ್ಲಿ ರಕ್ತ ಇತ್ತೆಂದೂ ಲಕ್ಷಣ ಕಂಡು ರೋಗ ಪತ್ತೆಯಾಗಲು ನಾಲ್ಕರಿಂದ ಆರು ತಿಂಗಳು ಹಿಡಿಯಿತೆಂದೂ ಹೇಳಿತು. ಕಿರಿಯರಲ್ಲಿ ಈ ಕ್ಯಾನ್ಸರ್ ವಿರಳವಾಗಿರುವುದರಿಂದ ಎರಡು ಪಟ್ಟು ಎಂದರೂ ಸಣ್ಣ ಸಂಖ್ಯೆಯೇ. ಆದರೆ ಒಂದಕ್ಕೊಂದು ಲಕ್ಷಣ ಕೂಡಿದರೆ ಮಾತು ಬೇರೆ.

ಭಾರತದ ಚಿತ್ರಕ್ಕೆ ತನ್ನದೇ ವಿಶೇಷವಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ 800 ರೋಗಿಗಳ ವರದಿಯಲ್ಲಿ ಸರಾಸರಿ ವಯಸ್ಸು 47. ಗಂಟುಗಳಲ್ಲಿ ದೊಡ್ಡ ಪಾಲು ಗುದನಾಳದ್ದು, ಅಂದರೆ ಅವುಗಳಲ್ಲಿ ಅನೇಕ ಬೆರಳಿಗೆ ಅಥವಾ ಸಣ್ಣ ಕೊಳವೆಗೆ ಸಿಗುವಂಥವು. ಇದೊಂದು ಆಸ್ಪತ್ರೆಯ ಲೆಕ್ಕ, ಇಡೀ ದೇಶದ್ದಲ್ಲ. ಆದರೂ ಐದು ನಿಮಿಷದ ಪರೀಕ್ಷೆಯನ್ನು ಬಿಡಬಾರದೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಎಲ್ಲರಿಗೂ ಕೊಲೊನೋಸ್ಕೋಪಿಯೇ? ಎರಡು ನಿಲುವು

ರಕ್ತ ಕಂಡ ಪ್ರತಿಯೊಬ್ಬರ ಪೂರ್ತಿ ಕರುಳನ್ನೂ ನೋಡಿಬಿಡಬೇಕು ಎನ್ನುವ ವೈದ್ಯರಿದ್ದಾರೆ. ಒಂದು ಕ್ಯಾನ್ಸರ್ ತಪ್ಪಿಹೋದರೂ ಅದು ಮೂವತ್ತರ ಪ್ರಾಯದವರ ಜೀವ ಎಂಬುದು ಅವರ ವಾದ. ಅದು ಸುಳ್ಳಲ್ಲ. ಇನ್ನೊಂದು ನಿಲುವು ಹಂತ ಹಂತವಾಗಿ ಹೋಗೋಣ ಎನ್ನುತ್ತದೆ. 25 ವರ್ಷದವರಲ್ಲಿ ಕಣ್ಣಿಗೆ ಕಾಣುವ ಫಿಶರ್ ಇದ್ದು, ಕುಟುಂಬದಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲದೆ, ಹಿಮೋಗ್ಲೋಬಿನ್ ಸರಿಯಿದ್ದರೆ ಚಿಕಿತ್ಸೆ ಕೊಟ್ಟು ನಾಲ್ಕರಿಂದ ಆರು ವಾರಗಳಲ್ಲಿ ಮತ್ತೆ ನೋಡುವುದು. ಆಗಲೂ ರಕ್ತ ನಿಲ್ಲದಿದ್ದರೆ ಮುಂದಿನ ಪರೀಕ್ಷೆ.

ಬ್ರಿಟನ್ ನಡುದಾರಿ ಹಿಡಿದಿದೆ. ಅಲ್ಲಿ 2023ರಿಂದ ಇಂಥ ಲಕ್ಷಣಗಳಿಗೆ ಮೊದಲು ‘ಫಿಟ್’ ಎಂಬ ಮಲಪರೀಕ್ಷೆ. ಒಂದು ಗ್ರಾಂ ಮಲದಲ್ಲಿ 10 ಮೈಕ್ರೋಗ್ರಾಂ ಅಥವಾ ಹೆಚ್ಚು ಮನುಷ್ಯರ ಹಿಮೋಗ್ಲೋಬಿನ್ ಕಂಡರೆ ತುರ್ತಾಗಿ ತಜ್ಞರ ಬಳಿಗೆ ಕಳಿಸುತ್ತಾರೆ. ನಮ್ಮ ಸಣ್ಣ ಲ್ಯಾಬುಗಳಲ್ಲಿ ಮಾಡುವ ಹಳೆಯ ‘ಅಕಲ್ಟ್ ಬ್ಲಡ್’ ಪರೀಕ್ಷೆ ಬೇರೆಯದು. ಮಾಂಸ ತಿಂದಿದ್ದರೂ ಅದು ಪಾಸಿಟಿವ್ ಬರಬಹುದು. ಫಿಟ್ ನೆಗೆಟಿವ್ ಬಂದರೂ ರಕ್ತ ಮುಂದುವರಿದರೆ ಹುಡುಕಾಟ ನಿಲ್ಲಿಸುವಂತಿಲ್ಲ. ಸಿಇಎ ಎಂಬ ರಕ್ತಪರೀಕ್ಷೆ ಕ್ಯಾನ್ಸರ್ ಪತ್ತೆಗಲ್ಲ, ಪತ್ತೆಯಾದ ಮೇಲೆ ಚಿಕಿತ್ಸೆಯನ್ನು ಹಿಂಬಾಲಿಸಲು. ‘ಫುಲ್ ಬಾಡಿ’ ಪ್ಯಾಕೇಜಿನಲ್ಲಿ ಅದು ನಾರ್ಮಲ್ ಬಂತೆಂದು ನೆಮ್ಮದಿಪಟ್ಟರೆ ಆ ನೆಮ್ಮದಿಗೆ ಆಧಾರವಿಲ್ಲ.

ಹಂತ ಹಂತದ ದಾರಿಯೇ ನಮ್ಮ ಪರಿಸ್ಥಿತಿಗೆ ಸರಿ, ಆದರೆ ಒಂದು ಷರತ್ತಿನ ಮೇಲೆ: ಮೊದಲ ಹಂತವಾದ ಬೆರಳು ಮತ್ತು ಪ್ರಾಕ್ಟೋಸ್ಕೋಪ್ (ಗುದದ್ವಾರದ ಒಳಗೆ ನೋಡುವ ಸಣ್ಣ ಕೊಳವೆ) ಪರೀಕ್ಷೆ ನಿಜವಾಗಿಯೂ ಆಗಿರಬೇಕು, ಮರುಭೇಟಿಯ ದಿನಾಂಕ ಚೀಟಿಯಲ್ಲಿ ಬರೆದಿರಬೇಕು. 45 ದಾಟಿದವರಲ್ಲಿ, ಮಲದೊಳಗೆ ರಕ್ತ ಬೆರೆತವರಲ್ಲಿ, ರಕ್ತಹೀನತೆ ಇರುವವರಲ್ಲಿ, ತೂಕ ಇಳಿದವರಲ್ಲಿ, ಮಲದ ಅಭ್ಯಾಸ ವಾರಗಟ್ಟಲೆ ಬದಲಾದವರಲ್ಲಿ ಹಂತಗಳ ಮಾತೇ ಬೇಡ, ನೇರ ಕೊಲೊನೋಸ್ಕೋಪಿ. ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ ಲಕ್ಷಣವಿಲ್ಲದಿದ್ದರೂ 40ಕ್ಕೆ, ಅಥವಾ ಅವರಿಗೆ ರೋಗ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ.

ಯಾವಾಗ ಹೊರಡಬೇಕು?

ಈ ಕ್ಷಣವೇ: ರಕ್ತ ನಿಲ್ಲದೆ ಹರಿಯುತ್ತಿದೆ, ಹೆಪ್ಪುಗಟ್ಟಿದ ಗಡ್ಡೆಗಳು ಬರುತ್ತಿವೆ, ಎದ್ದು ನಿಂತರೆ ಕಣ್ಣು ಕತ್ತಲಾಗುತ್ತದೆ, ತಣ್ಣನೆ ಬೆವರು, ಡಾಂಬರಿನಂಥ ಮಲ, ಅಥವಾ ರಕ್ತವಾಂತಿ. ಮನೆಯಲ್ಲಿ ಬಿಪಿ ಯಂತ್ರವಿದ್ದರೆ ನಾಡಿಯ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಯನ್ನು ಮೀರಿದೆಯೇ ನೋಡಿ. ನಾಡಿ 115, ಬಿಪಿ 100 ಎಂದಿದ್ದರೆ ದೇಹ ಸೋಲುತ್ತಿದೆ ಎಂದರ್ಥ. 108ಕ್ಕೆ ಕರೆ ಮಾಡಿ, ರೋಗಿಯನ್ನು ಮಲಗಿಸಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ, ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಳ್ಳಿ. ಬೈಕಿನ ಹಿಂದೆ ಕೂರಿಸಿಕೊಂಡು ಹೊರಡುವುದು ಬೇಡ, ದಾರಿಯಲ್ಲಿ ಪ್ರಜ್ಞೆ ತಪ್ಪಬಹುದು.

ಅದೇ ದಿನ: ಲಿವರ್ ಕಾಯಿಲೆ ಇರುವವರು, ವಾರ್ಫರಿನ್, ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆಯವರು. ‘ಮಾತ್ರೆಯಿಂದಲೇ ರಕ್ತ’ ಎಂದು ತೀರ್ಮಾನಿಸಬಾರದು, ಮಾತ್ರೆ ಅಡಗಿದ್ದ ಗಂಟನ್ನು ಮೊದಲೇ ಬಯಲಿಗೆ ತಂದಿರಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸ್ವಂತ ತೀರ್ಮಾನದಿಂದ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು. ಜ್ವರದೊಂದಿಗೆ ರಕ್ತ ಬಂದರೂ ತಡ ಮಾಡುವಂತಿಲ್ಲ. ಆಮಶಂಕೆಯಲ್ಲಿ ರಕ್ತ, ಲೋಳೆ, ಹೊಟ್ಟೆನುಲಿತ ಒಟ್ಟಿಗಿರುತ್ತವೆ. ಮಳೆಗಾಲದ ಜ್ವರದಲ್ಲಿ ಕಪ್ಪು ಮಲ ಡೆಂಗಿಯ ಅಪಾಯದ ಸೂಚನೆ. ಮಲೆನಾಡಿನಲ್ಲಿ ಕಾಡಿಗೆ ಹೋಗಿ ಬಂದವರಿಗಾದರೆ ಮಂಗನ ಕಾಯಿಲೆಯೂ ಹಾಗೆಯೇ. ಇಂಥ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು.

ಮಕ್ಕಳ ವಿಚಾರ ಸ್ವಲ್ಪ ಬೇರೆ. ಗಟ್ಟಿ ಮಲದ ಬಿರುಕೇ ಹೆಚ್ಚು, ಎರಡರಿಂದ ಎಂಟು ವರ್ಷದವರಲ್ಲಿ ನೋವಿಲ್ಲದ ರಕ್ತಕ್ಕೆ ಸಾಮಾನ್ಯವಾಗಿ ನಿರಪಾಯಕಾರಿ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಕಾರಣ. ಆದರೆ ಹಸುಗೂಸು ಕಾಲು ಮಡಚಿ ಕಿರಿಚಿ ಅತ್ತು, ನಡುವೆ ಮಂಕಾಗಿ, ಮತ್ತೆ ಅಳುತ್ತಾ ಕೆಂಪು ಜೆಲ್ಲಿಯಂಥ ಮಲ ಮಾಡಿದರೆ ಕರುಳೊಳಗೆ ಕರುಳು ಹೊಕ್ಕಿರಬಹುದು. ಆಗ ಗಂಟೆಗಳ ಲೆಕ್ಕ.

ಎರಡು ವಾರದೊಳಗೆ: ಮೇಲಿನ ಯಾವುದೂ ಇಲ್ಲದೆ ರಕ್ತ ಮೊದಲ ಸಲ ಕಂಡ ಉಳಿದೆಲ್ಲರೂ. ಒಂದೇ ಸಲ ಕಂಡು ನಿಂತರೂ ಸರಿ.

ವೈದ್ಯರ ಕೋಣೆಯಲ್ಲಿ

ಸಂಕೋಚವೇ ಅರ್ಧ ವಿಳಂಬಕ್ಕೆ ಕಾರಣ, ಆದ್ದರಿಂದ ಏನಾಗುತ್ತದೆಂದು ತಿಳಿದಿರುವುದು ಒಳ್ಳೆಯದು. ಎಡಮಗ್ಗುಲಿಗೆ ಮಲಗಿ ಮೊಣಕಾಲನ್ನು ಎದೆಗೆ ಮಡಚಬೇಕು, ಸೊಂಟದ ಭಾಗ ಬಿಟ್ಟು ಉಳಿದದ್ದಕ್ಕೆ ಹೊದಿಕೆ ಇರುತ್ತದೆ. ಗ್ಲೌಸ್ ಹಾಕಿದ ಬೆರಳಿಗೆ ಜೆಲ್ ಸವರಿ ಒಳಗೆ ತಡವುತ್ತಾರೆ, ಒಂದು ನಿಮಿಷವೂ ಬೇಡ. ಆಮೇಲೆ ಬೆರಳಿನಷ್ಟೇ ಉದ್ದದ ಪ್ರಾಕ್ಟೋಸ್ಕೋಪ್ ಹಾಕಿ ಬೆಳಕು ಬಿಟ್ಟು ನೋಡುತ್ತಾರೆ. ಉಪವಾಸ ಬೇಕಿಲ್ಲ, ಅರಿವಳಿಕೆ ಬೇಕಿಲ್ಲ. ಮಹಿಳೆಯರು ಜೊತೆಗೆ ನರ್ಸ್ ಇರಬೇಕೆಂದು ಕೇಳಬಹುದು, ಅದು ಹಕ್ಕು. ತೀವ್ರ ನೋವಿನ ಫಿಶರ್ ಇದ್ದರೆ ಆ ದಿನ ಬೆರಳು ಹಾಕದೆ, ಎರಡು ಮೂರು ವಾರ ಗುಣಪಡಿಸಿ ಆಮೇಲೆ ನೋಡುತ್ತಾರೆ. ಆ ‘ಆಮೇಲೆ’ಗೆ ರೋಗಿ ಮರಳದಿರುವುದೇ ಹೆಚ್ಚು.

ಹೋಗುವ ಮುನ್ನ ಬರೆದುಕೊಳ್ಳಬೇಕಾದವು: ಎಂದಿನಿಂದ, ಬಣ್ಣ, ಬೆರೆತಿತ್ತೋ ತೊಟ್ಟಿಕ್ಕಿತೋ, ನೋವು, ತೂಕ, ಮಾತ್ರೆಗಳು, ಕುಟುಂಬದ ಕಾಯಿಲೆಗಳು. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಹತ್ತು ಮಾತಿನ ವಿವರಣೆ ಉಳಿಯುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆ ಖಂಡಿತ ಬೇಕು. ಇಲ್ಲೊಂದು ಬಲೆ ಇದೆ: ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಅಷ್ಟು ಸಾಮಾನ್ಯವಾದ್ದರಿಂದ ಕರುಳಿನಿಂದ ಸದ್ದಿಲ್ಲದೆ ಸೋರುವ ರಕ್ತವೂ ‘ಹೆಂಗಸರಿಗೆ ಇದ್ದದ್ದೇ’ ಎಂಬ ಮಾತಿನಡಿ ಮುಚ್ಚಿಹೋಗುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಮತ್ತು ಗಂಡಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಬರೀ ಮಾತ್ರೆ ಸಾಲದು, ರಕ್ತ ಎಲ್ಲಿ ಹೋಗುತ್ತಿದೆ ಎಂದು ಜಠರವನ್ನೂ ಕರುಳನ್ನೂ ನೋಡಬೇಕು.

ಕೊಲೊನೋಸ್ಕೋಪಿ ಕೆಡುವುದು ಮನೆಯಲ್ಲೇ

ಪರೀಕ್ಷೆಯ ಗುಣಮಟ್ಟದ ಅರ್ಧ ಪಾಲು ಹಿಂದಿನ ದಿನವೇ ತೀರ್ಮಾನವಾಗುತ್ತದೆ. ಎರಡು ಮೂರು ದಿನ ಮೊದಲಿಂದ ನಾರು, ಬೀಜ ಕಡಿಮೆ ಇರುವ ಊಟ: ಬಿಳಿ ಅನ್ನ, ಇಡ್ಲಿ, ಮೊಸರು ಆಗುತ್ತದೆ, ರಾಗಿ, ಸೊಪ್ಪು, ಬದನೆ, ಟೊಮೆಟೊ, ಸೀಬೆ ಬೇಡ. ಕಬ್ಬಿಣದ ಮಾತ್ರೆ ಒಂದು ವಾರ ಮೊದಲೇ ನಿಲ್ಲಿಸಬೇಕು, ಅದರ ಕಪ್ಪು ಗೋಡೆಗೆ ಮೆತ್ತಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್, ಮಾತ್ರೆಗಳನ್ನು ಹೇಗೆ ಬದಲಿಸಬೇಕೆಂದು ಮೊದಲೇ ಕೇಳಿಕೊಳ್ಳಬೇಕು. ಕರುಳನ್ನು ಖಾಲಿ ಮಾಡಲು ಕುಡಿಯುವ ಪಿಇಜಿ ಪುಡಿಯ ಪೊಟ್ಟಣ ಸಾಮಾನ್ಯವಾಗಿ 2 ಲೀಟರ್ ನೀರಿಗೆ. ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಶುರುಮಾಡಿ, ಎರಡು ಗಂಟೆ ಮೊದಲು ಮುಗಿಸಬೇಕು. ಎಲ್ಲವನ್ನೂ ಹಿಂದಿನ ರಾತ್ರಿಯೇ ಕುಡಿದರೆ ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನ ರಸ ಇಳಿದು ಬಲಭಾಗ ಮತ್ತೆ ಕೊಳೆಯಾಗುತ್ತದೆ, ಚಪ್ಪಟೆ ಪಾಲಿಪ್‌ಗಳು ತಪ್ಪಿಹೋಗುವುದು ಅಲ್ಲೇ. ಕೊನೆಗೆ ಬರುವುದು ತಿಳಿ ಹಳದಿ ನೀರಾಗಿರಬೇಕು. ಇನ್ನೂ ಕಂದು ಇದ್ದರೆ ನಾಚಿಕೆಪಡದೆ ಹೇಳಿ, ದಿನ ಮುಂದಕ್ಕೆ ಹಾಕಿಸಿಕೊಳ್ಳುವುದೇ ಲೇಸು. ಬರೀ ನೋಡುವ ಕೊಲೊನೋಸ್ಕೋಪಿಯಲ್ಲಿ ಕರುಳಿಗೆ ತೂತಾಗುವ ಅಪಾಯ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ವರದಿಯಲ್ಲಿ ದೊಡ್ಡ ಕರುಳಿನ ಆರಂಭವಾದ ಸೀಕಮ್‌ವರೆಗೆ ತಲುಪಿದ ಉಲ್ಲೇಖ, ಸ್ವಚ್ಛತೆಯ ಅಂಕ ಇದೆಯೇ ನೋಡಿ.

ಪೈಲ್ಸ್ ಎಂದು ಖಚಿತವಾದ ಮೇಲೆ

ನಾರಿನಂಶವೇ ಮೊದಲ ಔಷಧ. ಪ್ರಯೋಗಗಳಲ್ಲಿ ಅದು ಪೈಲ್ಸ್ ರಕ್ತಸ್ರಾವವನ್ನು ಅರ್ಧಕ್ಕೆ ಇಳಿಸಿದೆ. ಇಸಬ್‌ಗೋಲ್ ಒಂದೆರಡು ಚಮಚವನ್ನು ದೊಡ್ಡ ಲೋಟ ನೀರಿಗೆ ಕಲಸಿದ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಿ ಮೂರೇ ದಿನಕ್ಕೆ ಬಿಡುವಂತಾಗುತ್ತದೆ, ವಾರಕ್ಕಿಷ್ಟೆಂದು ಏರಿಸಿ. ದಿನಕ್ಕೆ ಎರಡು ಮೂರು ಸಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರುವುದು ಸಾಕು, ಡೆಟಾಲ್ ಸುರಿದರೆ ಚರ್ಮ ಸುಡುತ್ತದೆ. ಸ್ಟೀರಾಯ್ಡ್ ಬೆರೆತ ಮುಲಾಮು ಒಂದು ವಾರ ಮೀರಬಾರದು, ಚರ್ಮ ತೆಳುವಾಗುತ್ತದೆ. ಇದಕ್ಕೆ ಬಗ್ಗದ ಒಂದರಿಂದ ಮೂರನೇ ಹಂತದವರಿಗೆ ರಬ್ಬರ್ ಬ್ಯಾಂಡ್ ಹಾಕುವ ಸರಳ ವಿಧಾನವಿದೆ. ಬ್ಯಾಂಡ್ ಉದುರುವ ಏಳರಿಂದ ಹತ್ತನೇ ದಿನಕ್ಕೆ ಮತ್ತೆ ರಕ್ತ ಕಾಣಬಹುದು ಎಂದು ತಿಳಿದಿರಲಿ. ಜಾಹೀರಾತಿನ ಲೇಸರ್‌ಗೆ ಹೋಗುವ ಮುನ್ನ ಇವನ್ನು ದಾಟಿ ಬಂದಿದ್ದೀರಾ ಎಂದು ಕೇಳಿಕೊಳ್ಳಿ.

ತಡವಾದರೆ, ಅವಸರವಾದರೆ

ಪಾಲಿಪ್ ಕ್ಯಾನ್ಸರಾಗಲು ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯುತ್ತದೆ, ಆ ಅವಧಿಯಲ್ಲಿ ಸಿಕ್ಕರೆ ಕೊಳವೆಯಿಂದಲೇ ಕತ್ತರಿಸಿ ತೆಗೆಯಬಹುದು. ಕ್ಯಾನ್ಸರಾದ ಮೇಲೂ ಕರುಳಿನ ಗೋಡೆಯೊಳಗೇ ಇದ್ದಾಗ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ ಎನ್ನುತ್ತವೆ ಅಮೆರಿಕದ ದಾಖಲೆಗಳು. ದೂರದ ಅಂಗಗಳಿಗೆ ಹರಡಿದ ಮೇಲೆ ಆರೇಳು ಮಂದಿಗೆ ಒಬ್ಬರು. ಗುದನಾಳದ ಗಂಟಿನಲ್ಲಿ ತಿಂಗಳುಗಳ ಬೆಲೆ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ಬೇಗ ಸಿಕ್ಕರೆ ಗುದದ್ವಾರ ಉಳಿಸಿ ಆಪರೇಷನ್ ಮಾಡಬಹುದು, ಸ್ನಾಯುವಿಗೆ ಹಬ್ಬಿದ್ದರೆ ಹೊಟ್ಟೆಯ ಮೇಲೆ ಮಲ ಸಂಗ್ರಹಿಸುವ ಶಾಶ್ವತ ಚೀಲ.

ಭಯದ ಸುದ್ದಿಗಳ ಪರಿಣಾಮ ಇನ್ನೊಂದು ಬದಿಗಿದೆ. ನಗರದ ಆಸ್ಪತ್ರೆಗಳಲ್ಲಿ 30 ವರ್ಷದ ಆರೋಗ್ಯವಂತರಿಗೆ ಕೊಲೊನೋಸ್ಕೋಪಿ ಪ್ಯಾಕೇಜ್ ಮಾರಾಟವಾದರೆ, ಅದೇ ಯಂತ್ರಕ್ಕೆ ಜಿಲ್ಲೆಯಿಂದ ಬಂದ 55ರ ರಕ್ತಹೀನ ಕೂಲಿಕಾರರ ಸರದಿ ವಾರಗಟ್ಟಲೆ ಮುಂದೆ ಹೋಗುತ್ತದೆ. ಸರ್ಕಾರ ಇಂದೇ ಮಾಡಬಹುದಾದದ್ದು ದುಬಾರಿಯದ್ದಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಾಕ್ಟೋಸ್ಕೋಪ್, ಒಳ್ಳೆಯ ಬೆಳಕು, ಪರದೆ ಇರುವ ಒಂದು ಮೂಲೆ, ‘ಬೆರಳು ಪರೀಕ್ಷೆ ಆಗಿದೆ’ ಎಂದು ಗುರುತು ಹಾಕುವ ಒಂದು ಕಲಂ ಇದ್ದರೆ ಮೊದಲ ಹಂತ ಅಲ್ಲೇ ಮುಗಿಯುತ್ತದೆ. ಮುಂದಿನ ಹಂತಕ್ಕೆ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಬಳಸಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಆದ್ದರಿಂದ ರಕ್ತ ಕಂಡವರು ಮೊದಲು ಹೋಗಬೇಕಾದ ಜಾಗ ಹತ್ತಿರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಹೊರರೋಗಿ ವಿಭಾಗ, ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗೆ.